ಅಳಿಸುವ ಕೆಲಸ ಬಿಟ್ಟ ಮೇಲೆ

ಮತ್ತಿಗಿರಿ, ಹೊಸೂರು
2 ಮಾರ್ಚ್ 2025, ಭಾನುವಾರ

ಪ್ರೀತಿಯ ಮಾಲಾ,

ನೀನು, ಇಳಂಗೋ, ಪುಟ್ಟಿ ಕಯಲ್ ಮೂವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾವಿಲ್ಲಿ ಆರಾಮ. ಚಳಿ ಬಿಟ್ಟ ಮೇಲೆ ಅಮ್ಮನ ಮಂಡಿನೋವು ಇಳಿದಿದೆ, ಈಗ ಬೀದಿ ಕೊನೆಯ ಅಂಗಡಿಯವರೆಗೂ ತಾನೇ ನಡೆದು ಹೋಗಿ ಎಲೆಅಡಿಕೆ ತರುತ್ತಾಳೆ. ನಿನ್ನ ಭಾವನಿಗೆ ಈ ತಿಂಗಳು ಫ್ಯಾಕ್ಟರಿಯಲ್ಲಿ ಫಸ್ಟ್ ಶಿಫ್ಟು.

ನಿನ್ನ ಕಾಗದ ದೀಪಾವಳಿಗೆ ಮೊದಲೇ ಬಂತು. ನಾಲ್ಕು ತಿಂಗಳು ಉತ್ತರ ಬರೆಯದ ಅಕ್ಕನನ್ನು ಎಷ್ಟು ಬೈದುಕೊಂಡಿದ್ದೀಯೋ, ಇನ್ನೂ ನಾಲ್ಕು ಬೈದುಕೋ. 'ಫೋನಿನಲ್ಲಿ ಆಡಿದ ಮಾತು ನಿಲ್ಲುವುದಿಲ್ಲ ಅಕ್ಕ, ಕನ್ನಡದಲ್ಲಿ ಒಂದು ಕಾಗದ ಬರಿ, ಈ ತೂತುಕುಡಿಯಲ್ಲಿ ನನ್ನ ಕಣ್ಣಿಗೆ ಒಂದು ಕನ್ನಡ ಅಕ್ಷರವೂ ಬೀಳುವುದಿಲ್ಲ' ಎಂದು ನೀನು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದ್ದೇ ತಪ್ಪಾಯಿತು. ಅವತ್ತಿನಿಂದ ಅಮ್ಮನದು ಒಂದೇ ಪಾಠ: "ಬರ್ದಾಕ್ಬಾರ್ದಾ? ಮಗಾ ಕೇಳೈತೆ. ನಿನ್ ಕೈಗೇನ್ ಬಂದೈತೆ ಅಂತೀನಿ!"

ಕೈಗೆ ಬಂದದ್ದು ಕೆಲಸ ಕಣೇ. ಮೇಲೆ ವಿಳಾಸ ನೋಡಿ, ಮೂಕಂಡಪಲ್ಲಿ ಹೋಗಿ ಮತ್ತಿಗಿರಿ ಹೇಗಾಯಿತು ಎಂದುಕೊಂಡಿರುತ್ತೀಯ. ಅದನ್ನೇ ಮೊದಲಿನಿಂದ ಹೇಳುತ್ತೇನೆ. ಒಂದು ಅಂಗಡಿ ಮುಚ್ಚಿ ಇನ್ನೊಂದು ತೆರೆದೆ. ಮುಚ್ಚಿದ್ದಕ್ಕೆ ಈಗ ಬೇಜಾರಿಲ್ಲ.

ನನ್ನ ಕೆಲಸ ಏನೆಂದು ನಿನಗೆ ಸರಿಯಾಗಿ ಗೊತ್ತಿಲ್ಲ. ನೀನು ಇಳಂಗೋ ಜೊತೆ ಹೋದ ಮೇಲೆ ಮನೆಯಲ್ಲಿ ನಿನ್ನ ಹೆಸರು ಎತ್ತಬಾರದೆಂದು ಅಪ್ಪ ಕಟ್ಟು ಮಾಡಿದ ಆ ಹದಿಮೂರು ವರ್ಷಗಳಲ್ಲೇ ಅದು ಬೆಳೆದದ್ದು. ಸಿನಿಮಾದಲ್ಲಿ ಹೀರೋ ಮಹಡಿಯಿಂದ ಹಾರುತ್ತಾನಲ್ಲ, ಆಗ ಅವನ ಸೊಂಟಕ್ಕೆ ತಂತಿ ಕಟ್ಟಿರುತ್ತಾರೆ. ಆ ತಂತಿಯನ್ನು ಅಳಿಸುವವರು ನಾವು. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ. ಇಪ್ಪತ್ತನಾಲ್ಕರಲ್ಲೂ ಅಳಿಸಬೇಕು, ಅಳಿಸಿದ ಜಾಗದಲ್ಲಿ ಹಿಂದೆ ಗೋಡೆಯಿತ್ತೋ ಆಕಾಶವಿತ್ತೋ ಅದನ್ನು ತುಂಬಬೇಕು. ಚೆನ್ನಾಗಿ ಮಾಡಿದರೆ ಮಾಡಿದ್ದು ಯಾರಿಗೂ ಗೊತ್ತಾಗಬಾರದು, ಅದೇ ಈ ಕೆಲಸದ ಮರ್ಯಾದೆ. ಮೂಕಂಡಪಲ್ಲಿಯಲ್ಲಿ ಆವುಲಪ್ಪನವರ ಕಟ್ಟಡದ ಮಹಡಿಯ ಮೇಲೆ ಹನ್ನೊಂದು ಜನ ಕೂತು ಇದನ್ನೇ ಮಾಡುತ್ತಿದ್ದೆವು. ಹೆಚ್ಚಿನವರು ಹೆಣ್ಣುಮಕ್ಕಳು. ಕನ್ನಡದಲ್ಲಿ ಬೈದುಕೊಂಡು, ತಮಿಳಿನಲ್ಲಿ ಅತ್ತು, ತೆಲುಗಿನಲ್ಲಿ ಸಮಾಧಾನ ಮಾಡಿಕೊಳ್ಳುವವರು.

ಹೋದ ಮೇ ತಿಂಗಳಲ್ಲಿ ಚೆನ್ನೈನಿಂದ ಫೋನು ಬಂತು. ನಮಗೆ ಕೆಲಸ ಕೊಡುತ್ತಿದ್ದವರು ಒಳ್ಳೆಯ ಮನುಷ್ಯ, ಹೇಳಲು ಅವರಿಗೇ ಸಂಕೋಚ. "ಇನ್ಮೇಲೆ ತಂತಿ ಅಳಿಸೋಕೆ ಮನುಷ್ಯರು ಬೇಡ ಮೇಡಂ. ಕಂಪ್ಯೂಟರಿಗೆ ಹೇಳಿದ್ರೆ ಅದೇ ಅಳಿಸುತ್ತೆ" ಎಂದರು. ನಾನು ನಂಬದೆ ನಮ್ಮದೇ ಒಂದು ತುಣುಕನ್ನು ಕಳಿಸಿ ನೋಡಿದೆ. ನಮ್ಮ ಹುಡುಗಿ ರಮ್ಯ ನಾಲ್ಕು ದಿನ ಮಾಡುತ್ತಿದ್ದದ್ದನ್ನು ಅದು ಟೀ ಆರುವುದರೊಳಗೆ ಮಾಡಿ ಕಳಿಸಿತು. ನಾವೆಲ್ಲ ಪರದೆಯ ಹತ್ತಿರ ಮೂಗು ಹಚ್ಚಿ ತಪ್ಪು ಹುಡುಕಿದೆವು. ಒಂದು ಸಿಕ್ಕಿತು, ಎಲೆಯೊಂದರ ಅಂಚಿನಲ್ಲಿ. ಒಂದೇ ಒಂದು ಎಲೆ. ಅದನ್ನು ಹಿಡಿದುಕೊಂಡು ಹನ್ನೊಂದು ಜನ ಬದುಕುವುದು ಹೇಗೆ?

ಆಷಾಢದ ಹೊತ್ತಿಗೆ ಎಂಟು ಜನ ಬೇರೆ ಬೇರೆ ಕಡೆ ಸೇರಿಕೊಂಡರು. ನನ್ನ ಜೊತೆ ಉಳಿದವರು ಇಬ್ಬರು. ಒಬ್ಬಳು ರಮ್ಯ, ಕೈ ಬಹಳ ಸೂಕ್ಷ್ಮ. ಇನ್ನೊಬ್ಬ ನರೇಶ್, ಕ್ಯಾಮೆರಾ ಮತ್ತು ಬೆಳಕು ಅವನ ಪಾಲು. ರಮ್ಯನಿಗೆ ನಾನೇ ಹೇಳಿದೆ, ನೀನೂ ಎಲ್ಲಾದರೂ ನೋಡಿಕೋ ಎಂದು. "ಫ್ಯಾಕ್ಟರಿ ಲೈನಲ್ಲಿ ನಿಂತ್ಕಂಡ್ ಸ್ಕ್ರೂ ತಿರುಗ್ಸೋಕೆ ನಂಗ್ ಬರಾಕಿಲ್ಲಕ್ಕ. ನೀವೇನಾನ ಮಾಡಿ, ನಾನಿಲ್ಲೇ ಇರ್ತೀನಿ" ಎಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

ನಮಗೆ ದಾರಿ ತೋರಿಸಿದ್ದು ಪಿಳ್ಳಮ್ಮ. ನರೇಶನ ದೊಡ್ಡಮ್ಮ, ಡೆಂಕಣಿಕೋಟೆ ಹತ್ತಿರದ ಹಳ್ಳಿ, ರಾಗಿ ಹೊಲ. ಆಕೆಯ ಗಂಡ ಚೆನ್ನಕೇಶವಪ್ಪ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ತಿಥಿಗೆ ಪಟ ಬೇಕೆಂದು ಯಾರ ಕೈಯಲ್ಲೋ ಮಾಡಿಸಿದ್ದರು. ಕೋಟು, ಟೈ, ಹಿಂದೆ ನೀಲಿ ಪರದೆ, ಮೇಲೆ ಚೆನ್ನಕೇಶವಪ್ಪನವರ ತಲೆ. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ನಮ್ಮ ಮಹಡಿ ಹತ್ತಿ ಬಂದರು. ಮೇಜಿನ ಮೇಲಿಟ್ಟು ಕೇಳಿದರು:

"ಇವ್ನ್ ಯಾರಮ್ಮ? ನಮ್ ಯಜಮಾನ್ರು ಹುಟ್ಟಿದ್ದಕ್ಕೆ ಕೋಟಾಕ್ದೋರಲ್ಲ. ಮೊಕ ಅವ್ರ್ದೇ, ಮನ್ಸ ಅವ್ರಲ್ಲ."

ನರೇಶನಿಗೆ ನಗು ಬಂತು, ನನಗೆ ಬರಲಿಲ್ಲ. "ಅವ್ರು ಹೆಂಗಿದ್ರು ಹೇಳಿ ದೊಡ್ಡಮ್ಮ" ಎಂದೆ. ಆಕೆ ಹೇಳುತ್ತಾ ಹೋದರು. ರಾಗಿ ತೆನೆಗಟ್ಟುವ ಕಾಲಕ್ಕೆ ಆನೆಗಳು ಬರುತ್ತವಲ್ಲ, ಹೊಲದಲ್ಲಿ ಅಟ್ಟಣೆ ಕಟ್ಟಿ ಕಂಬಳಿ ಹೊದ್ದು ಕೂರುತ್ತಿದ್ದರಂತೆ. ಉಳಿದವರು ಪಟಾಕಿ ಹೊಡೆದು ಕೂಗಾಡಿದರೆ ಇವರು ಆನೆಯೊಂದಿಗೆ ಮಾತಾಡುತ್ತಿದ್ದರಂತೆ. "'ಹೋಗಪ್ಪಾ ಸ್ವಾಮಿ, ನಿಂಗೂ ಹೊಟ್ಟೈತೆ, ನಂಗೂ ಹೊಟ್ಟೈತೆ' ಅಂತಿದ್ರು. ಒಂದೊಂದ್ ಸಲ ಹೋಗ್ಬುಡ್ತಿತ್ತು ಕಣಮ್ಮ!"

ಮುಂದಿನ ವಾರ ನಾವು ಮೂವರೂ ಆ ಊರಿಗೆ ಹೋದೆವು. ಅಟ್ಟಣೆ ಇನ್ನೂ ಇತ್ತು. ಇಳಿಹೊತ್ತಿನ ಬೆಳಕಿನಲ್ಲಿ ಹೊಲ, ಅಟ್ಟಣೆ, ಕಂಬಳಿ ಎಲ್ಲವನ್ನೂ ತೆಗೆದೆವು. ನರೇಶನದು ದೊಡ್ಡಪ್ಪನದೇ ಮೈಕಟ್ಟು, ಅವನನ್ನೇ ಕಂಬಳಿ ಹೊದಿಸಿ ಮೇಲೆ ಕೂರಿಸಿದೆವು. ಮುಖಕ್ಕೆ ಸಿಕ್ಕಿದ್ದು ಮದುವೆಯ ಗುಂಪು ಪಟವೊಂದರಲ್ಲಿ ಉಗುರಿನಷ್ಟು ಅಗಲದ ಮುಖ, ಕೋಟಿನ ಪಟಕ್ಕೂ ಅದನ್ನೇ ಹಿಗ್ಗಿಸಿದ್ದರು. ರಮ್ಯ ಒಂಬತ್ತು ದಿನ ಅದರ ಮೇಲೆ ಕೂತಳು. ಕಂಪ್ಯೂಟರಿಗೆ ಹೇಳಿದರೆ ಅದೂ ಒಂದು ಮುಖ ಕೊಡುತ್ತಿತ್ತು, ಯಾರದೋ ಚಂದದ ಮುದುಕನ ಮುಖ. ನಮಗೆ ಚೆನ್ನಕೇಶವಪ್ಪನವರು ಬೇಕಿತ್ತು. ದಿನಕ್ಕೆ ಹತ್ತು ಸಲ ಪಿಳ್ಳಮ್ಮನಿಗೆ ಫೋನು: ಹುಬ್ಬು ಕೂಡಿತ್ತಾ, ನಗುವಾಗ ಯಾವ ಕಡೆ ಬಾಯಿ ಹೆಚ್ಚು ತೆರೆಯುತ್ತಿದ್ದರು ಎಂದೆಲ್ಲ.

ಪಟ ನೋಡಿದಾಗ ಪಿಳ್ಳಮ್ಮ ಅಳಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, "ಎಡಗಿವಿ ಮೇಲೆ ಕಂಬ್ಳಿ ಇನ್ನೊಸಿ ಎಳೀರಮ್ಮ. ಚಳಿಗೆ ಅವ್ರಿಗೆ ಅದೇ ಕಿವಿ ನೋಯ್ತಿತ್ತು" ಎಂದರು. ರಮ್ಯ ಎಳೆದಳು. "ಆಂ, ಈಗ ಅವ್ರೇ" ಎಂದು ಸೆರಗಿನಿಂದ ಪರದೆ ಒರೆಸಿದರು.

ಮಾಲಾ, ಇಷ್ಟು ವರ್ಷದಲ್ಲಿ ನಮ್ಮ ಕೆಲಸ ನೋಡಿ ಒಬ್ಬರೂ ನಮ್ಮೆದುರು ನಿಂತು 'ಈಗ ಸರಿ' ಎಂದಿರಲಿಲ್ಲ. ಅವತ್ತೇ ನಿರ್ಧಾರ ಮಾಡಿದೆ. ಇನ್ನು ಸಿನಿಮಾ ಬೇಡ, ಮುಖಗಳನ್ನೇ ಮಾಡೋಣ. ಪಾಸ್‌ಪೋರ್ಟ್ ಫೋಟೋ ಅಲ್ಲ, ಮದುವೆ ಫೋಟೋ ಅಲ್ಲ. ಒಬ್ಬೊಬ್ಬರನ್ನು ಕೂರಿಸಿ ಮಾತಾಡಿಸಿ, ಅವರು ಯಾರೋ ಅದು ಕಾಣುವ ಹಾಗೆ ಒಂದು ಪಟ. ನಿನ್ನ ಭಾವ ಯೋಚಿಸಿದ್ದು ಒಂದೇ ನಿಮಿಷ. "ನಿಂಗ್ ಸರಿ ಅನ್ಸಿದ್ರೆ ಮಾಡು. ಅನ್ನಕ್ಕೆ ನನ್ ಶಿಫ್ಟ್ ಐತಲ್ಲ" ಎಂದರು. ಮುನಿಕೃಷ್ಣ ಎಂಬ ಮನುಷ್ಯ ಹೆಚ್ಚು ಮಾತಾಡುವುದಿಲ್ಲ, ಆಡಿದ್ದು ಸಾಕಾಗುತ್ತದೆ.

ಹೆಸರು 'ಮೊಗ' ಎಂದಿಟ್ಟೆ. ಬೋರ್ಡು ಬರೆಯುವವನಿಗೆ ಖುಷಿಯೋ ಖುಷಿ. ತಮಿಳಿನಲ್ಲಿ ಮುಗಂ, ತೆಲುಗಿನಲ್ಲಿ ಮೊಹಂ, "ನಮ್ಮೂರಲ್ಲಿ ಯಾರ್ಗೂ ಅರ್ಥ ಹೇಳ್ಬೇಕಾಗಿಲ್ಲ ಮೇಡಂ" ಎಂದ.

ಎರಡನೆಯವರಾಗಿ ಬಂದವರು ಚಿನ್ನಸ್ವಾಮಿ. ಮೂವತ್ತೊಂದು ವರ್ಷ ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆದವರು, ರಿಟೈರ್ ಆಗುವ ವಾರ. "ಅಪ್ಪಾ ಏನ್ ಕೆಲ್ಸ ಮಾಡ್ತಿದ್ರಿ ಅಂತ ಮಕ್ಳು ಕೇಳ್ತವೆ. ಹೇಳುದ್ರೆ ಅರ್ಥ ಆಗಲ್ಲ" ಎಂದರು. ಫ್ಯಾಕ್ಟರಿಯೊಳಗೆ ಕ್ಯಾಮೆರಾ ಬಿಡುವುದಿಲ್ಲ. ಖಾಲಿ ನೆಲದ ಮೇಲೆ ಅವರನ್ನು ನಿಲ್ಲಿಸಿ, 'ಕೆಲಸ ಮಾಡುವ ಹಾಗೆ ನಿಂತ್ಕೊಳ್ಳಿ' ಎಂದೆವು. ಯಂತ್ರವೇ ಇರಲಿಲ್ಲ, ಆದರೆ ಅವರ ಕೈ ಗಾಳಿಯಲ್ಲಿ ಹಿಡಿಯ ಎತ್ತರವನ್ನು ತಾನೇ ಹುಡುಕಿಕೊಂಡಿತು. ಆ ಕೈಗೆ ತಕ್ಕ ಯಂತ್ರವನ್ನು ನರೇಶ್ ಕಂಪ್ಯೂಟರಿನಲ್ಲಿ ಕಟ್ಟಿದ. ಕಡೆಯುವಾಗ ಉದುರುವ ಕಬ್ಬಿಣದ ಸುರುಳಿಗಳನ್ನು ಮೂಟೆ ತುಂಬ ತಂದು, ಒಂದೊಂದಕ್ಕೂ ಬೆಳಕು ಹಿಡಿದು ಪಟದಲ್ಲಿ ಅವರ ಸುತ್ತ ಹಾರಿಸಿದೆವು. ಅವರ ಮಗಳು ಅದನ್ನು ಫೋನಿನಲ್ಲಿ ಎಲ್ಲರಿಗೂ ಕಳಿಸಿದಳು. ಮರುವಾರದಿಂದ ನಮಗೆ ಪುರುಸೊತ್ತಿಲ್ಲ. ಕೋಸು ಮಾರುವ ಹೆಂಗಸು ಬಂದಳು, ನಲವತ್ತು ವರ್ಷ ಹೆರಿಗೆ ಮಾಡಿಸಿದ ನರ್ಸಮ್ಮ ಬಂದರು. ಹಾಸ್ಟೆಲಿನಲ್ಲಿದ್ದು ಫ್ಯಾಕ್ಟರಿಗೆ ಹೋಗುವ ಹುಡುಗಿಯರು ಭಾನುವಾರ ಗುಂಪಾಗಿ ಬಂದು, "ಟೋಪಿ ಮಾಸ್ಕು ಇಲ್ದೆ ನಮ್ ಮುಖ ತೆಗೀರಿ ಅಕ್ಕ, ನಮಗೇ ಮರ್ತೋಗೈತೆ" ಎಂದರು.

ಇನ್ನು ಆವುಲಪ್ಪನವರ ವಿಷಯ. ಕಟ್ಟಡದ ಮಾಲೀಕರು, ಗುಲಾಬಿ ಬೆಳೆಯುವವರು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳುತ್ತೇನೆ. ನಮ್ಮ ಕಷ್ಟದ ತಿಂಗಳುಗಳಲ್ಲಿ ಬಾಡಿಗೆ ತಡವಾದರೂ ಒಂದು ಮಾತು ಆಡಲಿಲ್ಲ, ಶುಕ್ರವಾರ ಶುಕ್ರವಾರ ದೇವರ ಪಟಕ್ಕೆ ಒಂದು ಕಟ್ಟು ಗುಲಾಬಿ ಕಳಿಸುತ್ತಿದ್ದರು. ಡಿಸೆಂಬರಿನಲ್ಲಿ ಒಂದು ದಿನ ಗುಲಾಬಿಯನ್ನು ತಾವೇ ತಂದರು. ಕಂಕುಳಲ್ಲಿ ಕನ್ನಡಿ ಹಾಕಿಸಿದ ಪಟ.

"ಮಗನ ಗೃಹಪ್ರವೇಶ ಐತಮ್ಮ. ಹಾಲಲ್ಲಿ ದೊಡ್ಡದಾಗಿ ಹಾಕ್ಬೇಕು. ಮನೆಯೋರೆಲ್ಲ ಸೇರಿರೋದು ಇದೊಂದೇ ಪಟ" ಎಂದರು. ನಾನು ನೋಡಿದೆ, ಒಳ್ಳೆಯ ಪಟ. ಅವರು ಹಸಿರು ಸೀರೆಯ ಹುಡುಗಿಯೊಬ್ಬಳ ಮೇಲೆ ಬೆರಳಿಟ್ಟು, "ಇವ್ಳೊಬ್ಳನ್ನ ತೆಗ್ದ್ಬುಡಿ" ಎಂದರು.

"ಯಾರು ಸಾರ್ ಇವ್ರು?"

"ಮಗ್ಳು. ಇದ್ಲು."

"ಏನಾಯ್ತು ಸಾರ್?"

"ಏನಾಗ್ತದೆ? ಚೆನ್ನಾಗವ್ಳಂತೆ, ಕೊಯಮತ್ತೂರಾಗೆ. ಅವ್ಳಿಗಿಷ್ಟ ಬಂದೋನ್ ಜೊತೆ ಹೋಗ್ಬುಟ್ಲು."

ರಮ್ಯ ಅಭ್ಯಾಸಬಲದಿಂದ ಆಗಲೇ ಪಟವನ್ನು ಎಳೆದುಕೊಳ್ಳುತ್ತಿದ್ದಳು. ನಾನು ಅವಳ ಕೈ ಹಿಡಿದೆ. "ಇದು ನಮ್ಮಿಂದ ಆಗಲ್ಲ ಸಾರ್" ಎಂದೆ.

"ಆಗಲ್ವಾ? ಇಷ್ಟ್ ವರ್ಸ ನನ್ ಮಹಡಿ ಮೇಲೆ ಕೂತು ಇದೇ ತಾನೇ ಮಾಡಿದ್ದು?"

"ತಂತಿ ಅಳಿಸ್ತಿದ್ವಿ ಸಾರ್. ಈಗ ಅದನ್ನೂ ಬಿಟ್ಟಿದ್ದೀವಿ. ಈಗಿರೋರನ್ನೆಲ್ಲ ಕರ್ಕೊಂಡ್ ಬನ್ನಿ, ಹೊಸದಾಗಿ ತೆಗೆದುಕೊಡ್ತೀನಿ. ಅವ್ರಿಲ್ದೇನೇ ತೆಗೀತೀನಿ."

"ಹೊಸಾದ್ರಾಗೆ ನಮ್ಮವ್ವ ಎಲ್ಲಿ ಬತ್ತಾಳೆ? ಹೋದ್ ವರ್ಸ ಹೋಗ್ಬುಟ್ಲು. ನಮ್ಮವ್ವ ಬೇಕು, ಇವ್ಳು ಬ್ಯಾಡ."

ಆಗ ನಾನು ಸರಿಯಾಗಿ ನೋಡಿದೆ. ಕುರ್ಚಿಯಲ್ಲಿ ಕೂತ ಅಜ್ಜಿಯ ಬಲಗೈ, ಪಕ್ಕದಲ್ಲಿ ನೆಲದ ಮೇಲೆ ಕೂತ ಆ ಹುಡುಗಿಯ ತಲೆಯ ಮೇಲಿತ್ತು. "ಇವ್ರನ್ನ ತೆಗೆದ್ರೆ ನಿಮ್ಮವ್ವನ ಕೈ ಎಲ್ಲಿಡ್ಲಿ ಸಾರ್?" ಎಂದೆ.

ಅವರು ಪಟವನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡರು. ಬಾಗಿಲ ಹತ್ತಿರ ನಿಂತು, "ದೊಡ್ಡೋರಾಗ್ಬುಟ್ರಿ ನೀವು. ಸಂಕ್ರಾಂತಿ ಒಳಗೆ ಮಹಡಿ ಖಾಲಿ ಮಾಡ್ಕೊಡಿ" ಎಂದು ಇಳಿದು ಹೋದರು. ಗುಲಾಬಿ ಮೇಜಿನ ಮೇಲೆಯೇ ಉಳಿಯಿತು. ರಮ್ಯ ಅದನ್ನು ನೀರಿಗಿಡಬೇಕೋ ಬೇಡವೋ ಎಂದು ನನ್ನ ಮುಖ ನೋಡಿದಳು. "ಇಡು, ಹೂವೇನ್ ಮಾಡಿತ್ತು" ಎಂದೆ.

ಹೀಗೆ ಮತ್ತಿಗಿರಿಗೆ ಬಂದೆವು. ನಿನ್ನ ಭಾವನ ಚಿಕ್ಕಪ್ಪ ರಾಮಕೃಷ್ಣಪ್ಪನವರು ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಮನೆ ಖಾಲಿ ಬಿದ್ದಿತ್ತು. ಹುಳು ಸಾಕುವವರಿಗೆ ಗಾಳಿ ಬೇಕು, ಬಿಸಿಲು ಬೀಳಬಾರದು. ಅದಕ್ಕೇ ಎತ್ತರದ ಸೂರು, ಎರಡೂ ಕಡೆ ಉದ್ದಕ್ಕೆ ಬಲೆ ಹಾಕಿದ ಕಿಟಕಿಗಳು. ಸುಣ್ಣ ಬಳಿದು ನಿಂತು ನೋಡುತ್ತೇವೆ, ಒಳಗೆಲ್ಲ ಹಾಲಿನಂಥ ಬೆಳಕು! ನರೇಶ್ ದೀಪಗಳ ಪೆಟ್ಟಿಗೆಯನ್ನು ಬಿಚ್ಚಲೇ ಇಲ್ಲ. "ಅಕ್ಕಾ, ಆ ಮಹಾನುಭಾವ್ರು ನಮ್ಮನ್ನ ಓಡ್ಸಿದ್ದೇ ಒಳ್ಳೇದಾಯ್ತು" ಎಂದ. ಬಿಟ್ಟುಹೋದವರಲ್ಲಿ ಇಬ್ಬರು ಹುಡುಗಿಯರು ವಾಪಸು ಬಂದಿದ್ದಾರೆ. ಯುಗಾದಿಯವರೆಗೆ ದಿನವೂ ಯಾರಾದರೊಬ್ಬರು ಹೇಳಿಟ್ಟಿದ್ದಾರೆ. ಈ ಕೆಲಸ ನೆಲೆ ನಿಲ್ಲುತ್ತದೆ ಮಾಲಾ, ನನಗೆ ಅನುಮಾನವಿಲ್ಲ. ಕಂಪ್ಯೂಟರ್ ಇನ್ನೂ ಏನೇನು ಕಲಿಯುತ್ತದೋ ಕಲಿಯಲಿ, ಯಾವ ಕಿವಿ ನೋಯುತ್ತಿತ್ತೆಂದು ಪಿಳ್ಳಮ್ಮನನ್ನು ಕೂತು ಕೇಳುವವರು ಬೇಕೇ ಬೇಕು.

ಮಹಡಿ ಯಾಕೆ ಖಾಲಿ ಮಾಡಿದಿರೆಂದು ಅಮ್ಮ ಕೇಳಿದಾಗ ನಡೆದದ್ದನ್ನೆಲ್ಲ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ, "ಒಳ್ಳೇ ಕೆಲ್ಸ ಮಾಡ್ದೆ ಕಣವ್ವ. ಆವತ್ತು ನಮ್ಮನೇಲೂ ಯಾರಾನ ಒಬ್ರು ಹಿಂಗ್ ಅಡ್ಡ ನಿಂತಿದ್ರೆ..." ಎಂದಳು.

ಈಗ ಮುಖ್ಯವಾದ ಮಾತು. ಊರವರಿಗೆಲ್ಲ ಪಟ ತೆಗೆಯುವ ಮಗಳ ಮನೆಯಲ್ಲಿ ಅಮ್ಮನದೇ ಒಂದು ಪಟವಿಲ್ಲ. ಎಷ್ಟು ಕರೆದರೂ, "ಮಾಲಾ ಬರ್ಲಿ, ಆ ಮಗೀನೂ ಬರ್ಲಿ, ಆವಾಗ ಕೂತ್ಕತೀನಿ. ಒಬ್ಳೇ ಕೂತ್ಕಂಡ್ ನಾನೇನ್ ಮಾರಾಣಿಯಾ?" ಎನ್ನುತ್ತಾಳೆ. ಯುಗಾದಿ ಈ ಮೂವತ್ತಕ್ಕೆ, ಭಾನುವಾರ. ನಾಲ್ಕು ದಿನ ಮೊದಲೇ ಮೂವರೂ ಬನ್ನಿ. ಇಳಂಗೋಗೆ ರಜೆ ಸಿಗದಿದ್ದರೆ ನಿನ್ನ ಭಾವನೇ ಫೋನು ಮಾಡಿ ಕರೆಯುತ್ತಾರಂತೆ, ತಮ್ಮ ಮುರುಕು ತಮಿಳಿನಲ್ಲಿ. ಕಯಲ್ ಅಜ್ಜಿಯ ಜೊತೆ ಯಾವ ಭಾಷೆಯಲ್ಲಾದರೂ ಮಾತಾಡಲಿ, ಅಮ್ಮನಿಗೆ ಎಲ್ಲ ಬರುತ್ತದೆ.

ನಿನ್ನ ಮನೆ ತಣ್ಣಗಿರಲಿ, ಮಗಳು ಚೆನ್ನಾಗಿ ಓದಲಿ, ನೀವಿಬ್ಬರೂ ನೂರು ಕಾಲ ನಗುನಗುತ್ತಾ ಬಾಳಿ. ಅಮ್ಮನ ಆಶೀರ್ವಾದವೂ ಇದರಲ್ಲೇ ಸೇರಿದೆ.

ನಿನ್ನ ಅಕ್ಕ,
ಭಾಗ್ಯಲಕ್ಷ್ಮಿ

ತಾ.ಕ.: ಸಹಿ ಹಾಕಿ ಕವರಿಗೆ ಹಾಕಿದ್ದೆ. ಮತ್ತೆ ತೆಗೆದು ಕೂತಿದ್ದೇನೆ. ಆವುಲಪ್ಪನವರಿಗೆ ಎದುರು ನಿಂತ ಅಕ್ಕನೆಂದು ನೀನು ಹೆಮ್ಮೆಪಟ್ಟರೆ ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಅಪ್ಪನ ವರ್ಷದ ತಿಥಿಗೆ ಬಂದಾಗ ನೀನು ನಡುಮನೆಯಲ್ಲಿ ನನ್ನ ಮದುವೆಯ ಪಟದ ಮುಂದೆ ನಿಂತು, "ನಿನ್ ಪಕ್ಕದಲ್ಲಿ ನಾನಿದ್ದೆ ಅಲ್ವಾ ಅಕ್ಕ? ಅಪ್ಪ ನನ್ನ ಯಾವ ಸ್ಟುಡಿಯೋದೋನ್ ಕೈಲಿ ತೆಗೆಸಿದ್ನೋ" ಎಂದೆ. ನಾನು "ಯಾರಿಗ್ ಗೊತ್ತು" ಎಂದು ಕಾಫಿ ತರಲು ಒಳಗೆ ಹೋದೆ.

ಆ ಪಟದಿಂದ ನಿನ್ನನ್ನು ತೆಗೆದವಳು ನಾನು. ಅಪ್ಪ ನನಗೆ ಹೇಳಿರಲಿಲ್ಲ. ನೀನು ಹೋದ ಮೇಲೆ ಅವನು ಆ ಪಟವನ್ನು ಇಳಿಸಿ ಮಂಚದ ಕೆಳಗೆ ಇಟ್ಟಿದ್ದ, ಅಷ್ಟೇ. ನನ್ನ ಮದುವೆಯ ಪಟಕ್ಕೆ ಆ ಗತಿ ಬಂತಲ್ಲ ಎಂದು ನನಗೆ ಕೋಪ. ಆಗ ತಾನೇ ಕೆಲಸ ಕಲಿತಿದ್ದೆ. ನಿನ್ನ ಜಡೆ ನನ್ನ ತೋಳಿನ ಮೇಲೆ ಬಿದ್ದಿತ್ತು. ಅದರ ಕೆಳಗಿನ ಸೀರೆಯ ಅಂಚನ್ನು ಎಳೆ ಎಳೆಯಾಗಿ ಬರೆದು ತುಂಬಿದೆ, ಎರಡು ದಿನ ಹಿಡಿಯಿತು. ಅಪ್ಪ ನೋಡಿ ಏನೂ ಅನ್ನದೆ ಮತ್ತೆ ಗೋಡೆಗೆ ಹಾಕಿದ.

ಅಲ್ಲಿಗೇ ನಿಂತಿದ್ದರೆ ಇಷ್ಟು ಸುಡುತ್ತಿರಲಿಲ್ಲ. ಚೆನ್ನೈನವರು ಮೊದಲ ಸಲ ನನ್ನ ಕೈಚಳಕ ತೋರಿಸಲು ಕೇಳಿದಾಗ ನಾನು ಒಯ್ದದ್ದು ಅದನ್ನೇ. ನೀನಿರುವ ಪಟ, ನೀನಿಲ್ಲದ ಪಟ, ಎರಡನ್ನೂ ಪಕ್ಕಪಕ್ಕ ಇಟ್ಟೆ. "ಇಲ್ಲೊಬ್ಬರು ಇದ್ದರೆಂದು ಹೇಳದಿದ್ದರೆ ದೇವರಿಗೂ ಗೊತ್ತಾಗುವುದಿಲ್ಲ" ಎಂದು ಹೊಗಳಿ ಅವತ್ತೇ ಕೆಲಸ ಕೊಟ್ಟರು. ಖುಷಿಗೆ ಮೈಸೂರುಪಾಕು ತಂದು ಮನೆಯವರಿಗೆಲ್ಲ ಹಂಚಿದೆ. ನಾನೂ ತಿಂದೆ.

ನೀನಿರುವ ಪಟ ನನ್ನ ಹತ್ತಿರ ಈಗಲೂ ಇದೆ. ಕದ್ದು ತೆಗೆದದ್ದನ್ನು ಕದ್ದು ಗೋಡೆಗೆ ಹಾಕಲು ಮನಸ್ಸು ಬರಲಿಲ್ಲ. ಅಮ್ಮನಿಗೆ ಇದು ಗೊತ್ತಿಲ್ಲ. ಇದನ್ನು ಓದಿದ ಮೇಲೂ ಬರಬೇಕೆನಿಸಿದರೆ ಬಾ. ಬರದೆ ಹೋದರೆ, ಯಾಕೆ ಬರಲಿಲ್ಲವೆಂದು ಅಮ್ಮನಿಗೆ ನಾನೇ ಹೇಳುತ್ತೇನೆ.